ಭಾವಮೈದುನನನ್ನು ಕೇಳಿದ ಬೀಗದ ಮೇಸ್ತ್ರಿ

ನಮ್ಮ ಬೀದಿಯ ಬೀಗದ ಮೇಸ್ತ್ರಿ ಪ್ರಾರ್ಥನೆಗೆ ನಿಂತರೆ ಸಭೆಯ ಕೊನೇ ಬೆಂಚಿನವರಿಗೂ ನಿದ್ದೆ ಹಾರಿಹೋಗುತ್ತದೆ. "ಕರ್ತನೇ, ನನಗೆ ಕಲಿಸು, ದಾರಿ ತೋರಿಸು" ಎಂದು ಅವನು ಕೇಳುವುದು ಮನಸಾರೆಯೇ, ಅದರಲ್ಲಿ ಕಲಬೆರಕೆಯಿಲ್ಲ. ಆದರೆ ಕಲಿಸುವ ಕೆಲಸಕ್ಕೆ ಕರ್ತನೇ ಖುದ್ದಾಗಿ ಬರಬೇಕು. ಬೇರೆ ಯಾರನ್ನಾದರೂ ಕಳಿಸಿದರೆ ಮೇಸ್ತ್ರಿಗೆ ಆಗದು. ಪಾಸ್ಟರು ಒಮ್ಮೆ ಏನೋ ಬುದ್ಧಿಮಾತು ಹೇಳಹೋಗಿ, ತಾವೇ ಒಂದಷ್ಟು ಬುದ್ಧಿ ಹೇಳಿಸಿಕೊಂಡು ಎದ್ದುಬಂದರು.

ಅವನ ಹೆಂಡತಿಯ ತಮ್ಮ ಅವನ ಕೈಕೆಳಗೇ ಕೆಲಸ ಕಲಿತವನು. ಆಮೇಲೆ ತಿಜೋರಿ ಕಾರ್ಖಾನೆ ಸೇರಿ ಹೊಸ ಬಗೆಯ ಬೀಗಗಳನ್ನೆಲ್ಲ ಬಿಚ್ಚಿ ನೋಡಿದ. ರಜೆಗೆ ಬಂದಾಗ, "ಭಾವ, ಒಂದೆರಡು ಹೊಸ ವಿದ್ಯೆ ತೋರಿಸ್ಲಾ?" ಎಂದ.

"ಅರ ಹಿಡಿಯೋದು ಕಲಿಸಿದ್ದು ನಾನು. ನನಗೇ ಪಾಠನಾ?" ಎಂದು ಮೇಸ್ತ್ರಿ ಮುಖ ತಿರುಗಿಸಿದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ನನ್ನ ಅಕ್ಕ ನಮ್ಮ ಜವಳಿ ಅಂಗಡಿಯ ಉಕ್ಕಿನ ಕೋಣೆಯಲ್ಲಿ ಸಿಕ್ಕಿಬಿದ್ದಳು. ರೇಷ್ಮೆ ತರಲು ಒಳಹೋಗಿದ್ದಳು. ಭಾರದ ಬಾಗಿಲು ತಾನಾಗಿ ಮುಚ್ಚಿ ಬೀಗ ಬಿತ್ತು. ಇದ್ದ ಒಂದೇ ಕೀಲಿ ಅವಳ ಸೊಂಟದಲ್ಲಿ. ಒಳಮೈಯಲ್ಲಿ ಕೀಲಿ ತೂತಿಲ್ಲ, ಒಳಗಿನಿಂದ ತೆಗೆಯುವ ಹಿಡಿ ಜಾಮ್ ಆಗಿತ್ತು. ಕಿಟಕಿಯಿಲ್ಲ, ಕಿಂಡಿಯಿಲ್ಲ, ಬಾಗಿಲ ಸಂದಿನಿಂದ ಹೋಗುವ ಗಾಳಿ ಇರುವೆಗೂ ಸಾಲದು. ಅಕ್ಕನಿಗೋ ಉಬ್ಬಸ.

ಮೇಸ್ತ್ರಿ ಪೆಟ್ಟಿಗೆ ಹೊತ್ತು ಓಡಿಬಂದ. ಹಿಂದೆಯೇ ಅವನ ಹೆಂಡತಿ. ಅಕ್ಕ ಒಳಗಿನಿಂದ ಬಾಗಿಲು ಬಡಿಯುತ್ತಿದ್ದಳು. ಆ ಬಡಿತದಲ್ಲೇ ನನಗೆ ಬೈಗುಳ ಕೇಳಿಸುತ್ತಿತ್ತು. ಬೈಯುತ್ತಿದ್ದಾಳೆಂದರೆ ಉಸಿರಿದೆ ಎಂದುಕೊಂಡೆ.

ಎಡಗೈಯಲ್ಲಿ ಬಾಗಿಲ ಹಿಡಿಯನ್ನು ಕೆಳಕ್ಕೆ ಜಗ್ಗಿ, ಬಲಗೈಯಲ್ಲಿ ಮೇಸ್ತ್ರಿ ಕೀಲಿ ತೂತಿನೊಳಗೆ ಕಡ್ಡಿ ಆಡಿಸಿದ. ಬೀಗ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಕಡ್ಡಿ ಬದಲಿಸಿದ. ಮತ್ತೆ ಬದಲಿಸಿದ. ಅಂಗಿ ಬೆನ್ನಿಗೆ ಅಂಟಿತು. ಒಳಗಿನ ಬಡಿತ ನಿಧಾನವಾಯಿತು.

"ರೀ, ತಮ್ಮನಿಗೆ ಒಂದು ಫೋನ್ ಮಾಡಿ ಕೇಳ್ಬಾರ್ದಾ?" ಎಂದಳು ಹೆಂಡತಿ.

"ಸುಮ್ನಿರೇ. ನೀನು ಹುಟ್ಟೋಕೆ ಮುಂಚಿನಿಂದ ಬೀಗ ತೆಗೀತಿದೀನಿ."

"ನಿಮಗೂ ನನಗೂ ಮೂರೇ ವರ್ಷ ವ್ಯತ್ಯಾಸ ಕಣ್ರೀ."

ಅವನು ಡ್ರಿಲ್ ತೆಗೆದು ಪ್ಲಗ್ಗಿಗೆ ಸಿಕ್ಕಿಸಿದ. ಕೀಲಿ ತೂತಿನ ಪಕ್ಕ ಸೀಮೆಸುಣ್ಣದ ಗುರುತು ಹಾಕಿದ. ಅಷ್ಟರಲ್ಲಿ ಬಡಿತ ನಿಂತಿತು.

"ಅಕ್ಕಾ!" ಎಂದು ಕೂಗಿದೆ. ಉಗುರಿನಿಂದ ಕೆರೆದ ಸದ್ದು ಬಂತು, ಅಷ್ಟೇ.

"ಕೊರೀಲಾ ಸಾಹುಕಾರ್ರೆ?" ಎಂದ ಮೇಸ್ತ್ರಿ. ಅವನು ಇನ್ನೊಬ್ಬರನ್ನು ಕೇಳಿದ್ದನ್ನು ನಾನು ಕಂಡದ್ದೇ ಇಲ್ಲ. ಕೇಳಿದ್ದೂ ಯಾರನ್ನು? ಬೀಗದ ವಿಷಯದಲ್ಲಿ ನನ್ನ ಸಲಹೆಗೆ ನನ್ನ ಅಂಗಡಿಯ ಚಿಂದಿಯ ಬೆಲೆಯೂ ಇಲ್ಲ. ನಾನು ಅವನ ಹೆಂಡತಿಯ ಮುಖ ನೋಡಿದೆ.

ಅವನು ಹಣೆಯನ್ನು ಬಾಗಿಲಿಗೆ ಒತ್ತಿದ. "ಕರ್ತನೇ, ದಾರಿ ತೋರಿಸು." ಈ ಸಲ ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಿಸಲಿಲ್ಲ.

ಹೆಂಡತಿ ಆಗಲೇ ತಮ್ಮನಿಗೆ ಫೋನ್ ಹಚ್ಚಿ ಸ್ಪೀಕರ್ ಒತ್ತಿದ್ದಳು. ಅವನ ಮುಖದ ಮುಂದೆ ಹಿಡಿದು, "ತೋರಿಸ್ತಾ ಇದಾನೆ, ತಗೊಳ್ಳಿ" ಎಂದಳು.

ಮೇಸ್ತ್ರಿ ಡ್ರಿಲ್ ನೋಡಿದ, ಫೋನ್ ನೋಡಿದ. ಡ್ರಿಲ್ಲನ್ನು ನೆಲಕ್ಕಿಟ್ಟ. "ನನಗೆ ಗೊತ್ತಾಗ್ತಿಲ್ಲ ಕಣಪ್ಪ. ನೀನು ಹೇಳು" ಎಂದು, ಬಾಗಿಲ ಮೇಲೆ ಕೊರೆದಿದ್ದ ಕಂಪನಿಯ ಗುರುತನ್ನು ಓದಿದ.

"ಭಾವ, ಡ್ರಿಲ್ ಮುಟ್ಬೇಡಿ! ಒಳಗೊಂದು ಗಾಜಿನ ಬಿಲ್ಲೆ ಇದೆ. ಅದು ಒಡೆದ್ರೆ ಇನ್ನೊಂದು ಚಿಲಕ ಬೀಳುತ್ತೆ, ಆಮೇಲೆ ಗೋಡೆನೇ ಒಡೀಬೇಕು. ಹಿಡೀನ ಕೆಳಕ್ಕೆ ಜಗ್ತಿದೀರಾ?"

"ಹೂಂ. ಎಲ್ಲಾ ಬಾಗಿಲಿಗೂ ಹಾಗೇ ತಾನೇ?"

"ಇದಕ್ಕಲ್ಲ. ಮೇಲಕ್ಕೆತ್ತಿ. ಚಿಲಕದ ಮೇಲಿನ ಭಾರ ಬಿಟ್ರೆ ಮಾತ್ರ ಕಡ್ಡಿ ಒಳಗೆ ತಿರುಗುತ್ತೆ."

ನಾನೂ ಅವನ ಹೆಂಡತಿಯೂ ಹಿಡಿಗೆ ಹೆಗಲು ಕೊಟ್ಟು ಎತ್ತಿದೆವು. ಕಡ್ಡಿ ಜಾರಿತು. ಮತ್ತೆ ಹಾಕಿದ, ಮತ್ತೆ ಜಾರಿತು. ಕೆರೆಯುವ ಸದ್ದೂ ಈಗ ಇರಲಿಲ್ಲ.

"ನಿಧಾನ ಭಾವ" ಎಂದಿತು ಫೋನು.

"ಆಯ್ತಪ್ಪ, ನಿಧಾನ" ಎಂದ ಮೇಸ್ತ್ರಿ, ಮೇಷ್ಟ್ರ ಮುಂದೆ ನಿಂತ ಹುಡುಗನಂತೆ.

ಒಳಗೆಲ್ಲೋ ಕಟ್ ಎಂದಿತು. ಬಾಗಿಲು ಸರಿಯಿತು.

ಅಕ್ಕ ರೇಷ್ಮೆ ಗಂಟಿನ ಮೇಲೆ ಒರಗಿದ್ದಳು, ತುಟಿ ನೀಲಿ. ಹೊತ್ತು ತಂದು ಬೀದಿಯ ಗಾಳಿಗೆ ಕೂರಿಸಿ ಅವಳ ಉಬ್ಬಸದ ಮದ್ದು ಎಳೆಸಿದೆವು. ಬಹಳ ಹೊತ್ತಿನ ಮೇಲೆ ಉಸಿರು ಹದಕ್ಕೆ ಬಂತು. ಉಸಿರಿನ ಬೆನ್ನಿಗೇ ಮಾತೂ ಬಂತು: "ಅಷ್ಟು ಹೊತ್ತು ಏನ್ರೋ ಮಾಡ್ತಿದ್ರಿ, ಕತ್ತೆ ಕಾಯ್ತಿದ್ರಾ?"

ಮೇಸ್ತ್ರಿಗೆ ಕೈಮುಗಿಯೋಣವೆಂದು ಒಳಗೆ ಹೋದೆ. ಅವನು ಬಾಗಿಲ ಬುಡದಲ್ಲಿ ಚಕ್ಕಂಬಕ್ಕಳ ಹಾಕಿ ಕೂತಿದ್ದ, ಫೋನ್ ಇನ್ನೂ ಮುಖದ ಮುಂದೆಯೇ.

"ಆ ಗಾಜಿನ ಬಿಲ್ಲೆ ಎಲ್ಲಿ ಕೂರುತ್ತೆ, ಹೇಳು."

"ಈಗ್ಲೇನಾ ಭಾವ? ಸ್ವಲ್ಪ ಸುಧಾರಿಸ್ಕೊಳ್ಳಿ. ನಾಳೆ ಹೇಳ್ತೀನಿ."

"ಬೇಡ, ಈಗ್ಲೇ ಹೇಳು. ನಾಳೆ ಹೊತ್ತಿಗೆ ನನಗೆ ಮತ್ತೆ ಎಲ್ಲಾ ಗೊತ್ತಿರುತ್ತೆ."