ಸಿಗ್ನಲ್ ಬಂದರೆ ಕೈ ಎತ್ತಿ

ನಮ್ಮ ಜಯರಾಮನ್ ಡಾಕ್ಟರ್ ಆದ ಕತೆಯನ್ನು ಸೋಮನೂರಿನಲ್ಲಿ ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ. ನನಗೆ ಮಾತ್ರ ಆ ಹೆಮ್ಮೆ ಗಂಟಲಲ್ಲಿ ಇಳಿಯುವುದಿಲ್ಲ. ಯಾಕೆಂದು ಕೇಳಿದರೆ ಪೂರ್ತಿ ಹೇಳಬೇಕಾಗುತ್ತದೆ.

ಅವನು ನನ್ನ ದೊಡ್ಡಪ್ಪನ ಮಗ. ನಮ್ಮ ಎರಡೂ ಮನೆಗಳಿಗೆ ನಡುವೆ ಒಂದೇ ಗೋಡೆ. ಎರಡೂ ಕಡೆ ನೇಯುವವರೇ. ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ದೊಡ್ಡಪ್ಪ ಬೇಗ ತೀರಿಕೊಂಡ. ಜಯರಾಮನ್‌ನ ಅಕ್ಕ ರಾಮಾಯಿ ಸೂಲೂರು ರಸ್ತೆಯ ನೇಯ್ಗೆ ಕಾರ್ಖಾನೆಗೆ ಸೇರಿ, ತನ್ನ ಮದುವೆಯ ಮಾತು ಎತ್ತಿದವರನ್ನೆಲ್ಲ ವಾಪಸು ಕಳಿಸಿ, ಮಗ್ಗ ಓಡಿಸಿಯೇ ತಮ್ಮನನ್ನು ಓದಿಸಿದಳು. ಅವನು ಕೊಯಮತ್ತೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಅಲ್ಲೇ ಮೇಷ್ಟರಾದ. ಮೇಷ್ಟರಾದದ್ದೇ ತಡ, ಅವನ ಬಾಯಲ್ಲಿ ಕನ್ನಡ ಒಣಗಿಹೋಯಿತು. "ಉಂಡ್ಯಾ ಕಣ್ಣು?" ಎಂದು ಅಕ್ಕ ಮುದ್ದಿನಿಂದ ಕೇಳಿದರೆ ಈ ಮಹಾಶಯ "ಯೆಸ್, ಯೆಸ್" ಎನ್ನುತ್ತಿದ್ದ. ನಾವು ಆಡುವುದು ಅತ್ತಲೂ ಸೇರದ, ಇತ್ತಲೂ ಸೇರದ ಭಾಷೆ ಎಂದು ನನ್ನ ಮುಖಕ್ಕೇ ಹೇಳಿದ್ದಾನೆ.

ಅವನ ಮೊದಲ ಸಂಶೋಧನೆ ಸಗಣಿಯದು. ಆ ಮಾತನ್ನು ಅವನು ಬಾಯಿಗೆ ತರುತ್ತಿರಲಿಲ್ಲ, ಜೈವಿಕ ಶಕ್ತಿ ಎನ್ನುತ್ತಿದ್ದ. ಎಷ್ಟು ಸಗಣಿಗೆ ಎಷ್ಟು ಗ್ಯಾಸ್ ಬರಬೇಕೆಂದು ಸೂತ್ರ ಹೊಸೆದು, ತೂತು ಕೊರೆದ ಕಾರ್ಡುಗಳನ್ನು ಕಾಲೇಜಿನ ಕಂಪ್ಯೂಟರಿಗೆ ತಿನ್ನಿಸಿ ಲೆಕ್ಕ ತೆಗೆದ. ಕಾರಮಡೈಯಲ್ಲಿದ್ದ ನಮ್ಮ ಸೋದರತ್ತೆ ಬೆಳ್ಳಿಯಮ್ಮನ ಹಿತ್ತಲಲ್ಲಿ ಗುಂಡಿ ತೋಡಿಸಿ, ಅಡುಗೆಮನೆಗೆ ಕೊಳವೆ ಎಳೆಸಿದ. ಒಲೆ ಹೊತ್ತಲಿಲ್ಲ. ಲೆಕ್ಕ ಸರಿಯಾಗಿದೆ, ಹಸುವಿನ ಜೀರ್ಣಶಕ್ತಿಯಲ್ಲಿ ದೋಷವಿದೆ ಎಂದು ಬರೆದುಕೊಟ್ಟು ಕೈತೊಳೆದುಕೊಂಡ. ಅತ್ತೆ ಬೈಯುತ್ತಾ ಗುಂಡಿ ಮುಚ್ಚಿಸಿದಳು. ಆ ದೋಷದ ಹಸು ಆಮೇಲೂ ವರ್ಷಗಟ್ಟಲೆ ಮನೆತುಂಬ ಹಾಲು ಕೊಟ್ಟಿತು.

ಸಗಣಿ ಕೈಕೊಟ್ಟ ಮೇಲೆ ಅವನು ಕಿವಿಗೆ ಬಂದ. ಎಂಬತ್ತನಾಲ್ಕರಲ್ಲಿರಬೇಕು, ರಾಮಾಯಕ್ಕನ ಕಿವಿ ಮಂದವಾಗತೊಡಗಿತ್ತು. ಪವರ್‌ಲೂಮಿನ ಸದ್ದಿನಲ್ಲಿ ದುಡಿಯುವ ನಾವೆಲ್ಲ ತುಟಿ ನೋಡಿ, ಕೈಸನ್ನೆ ನೋಡಿ ಮಾತಾಡುತ್ತೇವೆ; ಹಾಗಾಗಿ ಕಿವಿ ಹೋಗುತ್ತಿರುವುದು ಬೇಗ ಗೊತ್ತಾಗುವುದಿಲ್ಲ. ಅಕ್ಕನಿಗೆ ಮನೆಯಲ್ಲಿ ಹಾಲು ಉಕ್ಕುವ ಸದ್ದು ಕೇಳದಾದಾಗ ಗೊತ್ತಾಯಿತು. ಹೋದ ಕಿವಿ ಬರುವುದಿಲ್ಲ, ಮಿಕ್ಕದ್ದು ಉಳಿಯಬೇಕಾದರೆ ಮಗ್ಗ ಬಿಡು ಎಂದರು ಸರ್ಕಾರಿ ಆಸ್ಪತ್ರೆಯಲ್ಲಿ. ಬಟ್ಟೆ ಮಡಿಸುವ ಕೋಣೆಗೆ ಹಾಕಿ ಎಂದು ಅವಳು ಮ್ಯಾನೇಜರನ್ನು ಬೇಡಿಕೊಂಡಳು. "ಆಸ್ಪತ್ರೆ ಚೀಟಿ ಯಾರಿಗೆ ಬೇಕಾದರೂ ಸಿಗುತ್ತದೆ. ನಿನ್ನ ತಮ್ಮನೇ ಇಲ್ಲಿ ಎಲ್ಲರ ಕಿವಿ ಪರೀಕ್ಷೆ ಮಾಡುತ್ತಾನಲ್ಲ, ಅವನ ಕಂಪ್ಯೂಟರ್ ಹೇಳಲಿ" ಎಂದ ಮ್ಯಾನೇಜರ್. ಅಕ್ಕ ನೆಮ್ಮದಿಯಾಗಿ ಬಂದಳು. ತನ್ನ ಕಿವಿ ತಮ್ಮನ ಕೈಯಲ್ಲಿದೆ ಎಂದುಕೊಂಡಳು, ಪಾಪ.

ಜಯರಾಮನ್ ಮಗ್ಗದ ಸದ್ದನ್ನು ಟೇಪಿನಲ್ಲಿ ಹಿಡಿದು, ಅದರಲ್ಲಿ ಎಷ್ಟು ಕೀರಲು, ಎಷ್ಟು ಗಡಸು ಎಂದು ಬಿಡಿಸಿ, ಇಷ್ಟು ವರ್ಷಕ್ಕೆ ಕಿವಿ ಇಷ್ಟು ಸವೆಯಬೇಕು ಎಂದು ಒಂದು ಸೂತ್ರ ಕಟ್ಟಿದ್ದ. ಅಲ್ಲಿಯವರೆಗೆ ಒಳ್ಳೆಯ ಕೆಲಸವೇ. ಇನ್ನು ನಿಜವಾದ ಕಿವಿಗಳನ್ನು ಅಳೆದು ತಾಳೆ ನೋಡಬೇಕು. ಅದಕ್ಕೆಂದು ತಾನೇ ಒಂದು ಪೆಟ್ಟಿಗೆ ಮಾಡಿಕೊಂಡು ಬಂದ. ಗುಂಡಿ ಒತ್ತಿದರೆ ಹೆಡ್‌ಫೋನಿನಲ್ಲಿ ಸದ್ದು. ಸದ್ದು ಹೋಗುತ್ತಿದೆಯೆಂದು ತನಗೆ ತಿಳಿಯಲು ಪೆಟ್ಟಿಗೆಯ ನೆತ್ತಿಯ ಮೇಲೆ ಒಂದು ಪುಟ್ಟ ಕೆಂಪು ಬಲ್ಬು. ನೇಕಾರರನ್ನು ಒಬ್ಬೊಬ್ಬರನ್ನಾಗಿ ಆಫೀಸ್ ಕೋಣೆಯಲ್ಲಿ ಎದುರಿಗೆ ಕೂರಿಸಿಕೊಂಡು, ಸಿಗ್ನಲ್ ಬಂದರೆ ಕೈ ಎತ್ತಿ ಎಂದು ತಮಿಳಿನಲ್ಲಿ ಅಪ್ಪಣೆ ಕೊಟ್ಟ. ಸದ್ದು ಎನ್ನಲು ಅವನಿಗೆ ಅವಮಾನ.

ಬಂದ ಫಲ ನೋಡಿ ಅವನೇ ದಂಗಾದ. ಜೀವಮಾನವೆಲ್ಲ ಮಗ್ಗದ ಪಕ್ಕ ನಿಂತವರು ಸೊಳ್ಳೆ ಹಾರುವಷ್ಟು ಸಣ್ಣ ಸದ್ದಿಗೂ ಕೈ ಎತ್ತಿದ್ದರು. ತಲೆಯಲ್ಲಿ ಎರಡು ಕಾಳು ಬುದ್ಧಿ ಇದ್ದವನು ಎಲ್ಲೋ ಎಡವಟ್ಟಾಗಿದೆ ಎಂದುಕೊಳ್ಳುತ್ತಿದ್ದ. ಇವನು ಸೂತ್ರ ತಿದ್ದಿದ. ನೇಕಾರರ ಕಿವಿ ಮಗ್ಗಕ್ಕೆ ಒಗ್ಗಿಕೊಂಡು ಚುರುಕಾಗುತ್ತದೆ ಎಂದು ಹೊಸದೊಂದು ಗುಣಾಂಕ ಸೇರಿಸಿದ. ಕಂಪ್ಯೂಟರ್ ಒಪ್ಪಿತು. ಅದಕ್ಕೇನು, ಹಾಕಿದ್ದನ್ನು ತಿನ್ನುತ್ತದೆ.

ಮ್ಯಾನೇಜರಿಗಂತೂ ಹಬ್ಬ. ಆದರೆ ಬೊಂಬಾಯಿಯಿಂದ ಒಬ್ಬ ಪ್ರೊಫೆಸರ್ ಬಂದು ಕಣ್ಣಾರೆ ನೋಡಿ ಒಪ್ಪಬೇಕಿತ್ತು. ಅವರು ಒಪ್ಪಿದರೆ ಜಯರಾಮನ್‌ಗೆ ಡಾಕ್ಟರೇಟು, ರಾಮಾಯಕ್ಕನಿಗೆ ಮಗ್ಗವೇ ಗತಿ.

ಆ ದಿನ ಪೆಟ್ಟಿಗೆ ಹೊತ್ತು ತಂದವನು ನಾನು. ಅದೇ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದೆ. ಪ್ರೊಫೆಸರ್ ಟೀ ಕುಡಿಯುತ್ತಾ ಮ್ಯಾನೇಜರ್ ಪಕ್ಕ ಕೂತಿದ್ದರು. ಜಯರಾಮನ್ ತನ್ನ ಅಕ್ಕನನ್ನೇ ಕರೆಸಿದ, ಎಲ್ಲರಿಗಿಂತ ಚುರುಕು ಕಿವಿ ಅವಳದೇ ಎಂದು ಅವನ ಲೆಕ್ಕ. ಹೆಡ್‌ಫೋನ್ ಹಾಕಿ ಗುಂಡಿ ಒತ್ತಿದ. ಅಕ್ಕ ಕೈ ಎತ್ತಲಿಲ್ಲ. ಮತ್ತೆ ಒತ್ತಿದ. ಸದ್ದು ಜೋರು ಮಾಡಿದ. ಮೂಲೆಯಲ್ಲಿ ನಿಂತ ನನಗೇ ಹೆಡ್‌ಫೋನಿನೊಳಗಿನ ಕೀರಲು ಕೇಳುತ್ತಿತ್ತು. ಅಕ್ಕ ಮುಗುಳ್ನಗುತ್ತಾ ಪೆಟ್ಟಿಗೆಯನ್ನೇ ನೋಡುತ್ತಿದ್ದಳು.

ಜಯರಾಮನ್ ಅವಳತ್ತ ಬಾಗಿದ. ಎಷ್ಟೋ ವರ್ಷದ ಮೇಲೆ ಅವನ ಬಾಯಿಂದ ಕನ್ನಡ ಹೊರಟಿತು. "ಅಕ್ಕಾ, ಯಾಕೆ ಕೈ ಎತ್ತಲ್ಲ ನೀನು?"

"ಬೆಳಕೇ ಬರ್ಲಿಲ್ವಲ್ಲ ಕಣ್ಣು. ಬಂದ್ರೆ ತಾನೆ ಎತ್ತದು?"

"ಸದ್ದು ಕೇಳ್ತಿಲ್ವಾ?"

"ಸದ್ದಾ? ನೀ ಸದ್ದು ಅಂತ ಎಲ್ಲಿ ಹೇಳ್ದೆ? ಸಿಗ್ನಲ್ ಅಂದೆ. ಕೆಂಪು ಹತ್ತಿದ ಉಡನೆ ಕೈ ಎತ್ರಿ, ನಮ್ ಹುಡುಗನ ಪರೀಚ್ಚೆ, ಪಾಸಾಗ್ಲಿ ಅಂತ ಎಲ್ಲಾರ್ಗೂ ನಾನೇ ಹೇಳ್ಕೊಟ್ಟೆ."

ಬಲ್ಬು ಸುಟ್ಟುಹೋಗಿತ್ತು. ನನಗೆ ಆಗ ಹೊಳೆಯಿತು. ಸೋಮನೂರಿನವರಿಗೆ ಸಿಗ್ನಲ್ ಎಂದರೆ ನಮ್ಮ ರೈಲ್ವೆ ಸ್ಟೇಷನ್ನಿನ ದೀಪ; ಅದನ್ನು ನೋಡುತ್ತಾರೆ, ಕೇಳಿಸಿಕೊಳ್ಳುವುದಿಲ್ಲ. ಅಷ್ಟೂ ಜನ ದೀಪ ನೋಡಿ ಕೈ ಎತ್ತಿದ್ದರು. ಕಿವಿಯ ಲೆಕ್ಕವೆಂದು ಇವನು ಕಣ್ಣಿನ ಲೆಕ್ಕ ಬರೆದಿದ್ದ.

ಜಯರಾಮನ್‌ಗೂ ಹೊಳೆಯಿತು. ಮುಖ ನೋಡಿದರೇ ತಿಳಿಯುತ್ತಿತ್ತು. ಅಕ್ಕನ ಕಿವಿ ಹೋಗುತ್ತಿದೆ, ಪರೀಕ್ಷೆ ತಪ್ಪಾಗಿದೆ ಎಂದು ಒಂದೇ ಒಂದು ಮಾತು ಹೇಳಿದ್ದರೆ ಅವಳು ಮರುದಿನವೇ ಮಡಿಸುವ ಕೋಣೆಯಲ್ಲಿರುತ್ತಿದ್ದಳು. ಅವಳೇನೆಂದಳು ಎಂದು ಪ್ರೊಫೆಸರ್ ಕೇಳಿದರು. ಅಕ್ಕನ ಕನ್ನಡ ಅವರಿಗೂ ತಿಳಿಯದು, ಮ್ಯಾನೇಜರಿಗೂ ತಿಳಿಯದು. ಜಯರಾಮನ್ ಇಂಗ್ಲಿಷಿನಲ್ಲಿ ಏನೋ ಹೇಳಿ ಪೆಟ್ಟಿಗೆ ತಟ್ಟಿ ತೋರಿಸಿದ. ಯಂತ್ರ ಕೆಟ್ಟಿದೆ ಎಂದನೆಂದು ಅಷ್ಟರಿಂದಲೇ ಗೊತ್ತಾಯಿತು. ಮುಚ್ಚಳ ತೆರೆದು, ಮ್ಯಾನೇಜರ್ ಟಾರ್ಚಿನ ಬಲ್ಬು ಬಿಚ್ಚಿ ಹಾಕಿದ. ನಾಚಿಕೆಗೆಟ್ಟವನು ಆಡಲು ನಾಚುತ್ತಿದ್ದ ಭಾಷೆಯ ಮರೆಯಲ್ಲೇ ಅಡಗಿಕೊಂಡ.

ನಾನು ತಡೆಯಲಾರದೆ ಮ್ಯಾನೇಜರಿಗೆ ತಮಿಳಿನಲ್ಲೇ ಹೇಳಿದೆ, ಸಾರ್, ಇವಳು ದೀಪ ನೋಡಿ ಕೈ ಎತ್ತುತ್ತಾಳೆ, ಇವಳಿಗೆ ಕೇಳುವುದಿಲ್ಲ. ಅವನು ಜಯರಾಮನ್ ಮುಖ ನೋಡಿದ. ಜಯರಾಮನ್ ಇಂಗ್ಲಿಷಿನಲ್ಲಿ ಏನೋ ಅಂದ, ಮೂವರೂ ನಕ್ಕರು. ಸ್ಪ್ಯಾನರ್ ಹಿಡಿಯುವವನು ಕಿವಿಯ ವಿಷಯ ಮಾತಾಡಿದ್ದಕ್ಕೆ ಇರಬೇಕು.

ಜಯರಾಮನ್ ಗುಂಡಿ ಒತ್ತಿದ. ಬಲ್ಬು ಹತ್ತಿತು. ಅಕ್ಕ ಸಂತೋಷದಿಂದ ಕೈ ಎತ್ತಿದಳು. ಒತ್ತಿದಷ್ಟು ಸಲವೂ ಎತ್ತಿದಳು. ಪ್ರೊಫೆಸರ್ ತಲೆದೂಗಿದರು.

ಗೇಟಿನ ಹೊರಗೆ ಅವನನ್ನು ಹಿಡಿದು ನಿಲ್ಲಿಸಿದೆ. "ಥೂ, ಹೆತ್ತವಳಿಗಿಂತ ಹೆಚ್ಚಾಗಿ ಸಾಕಿದಳಲ್ಲೋ. ಅವಳ ಕಿವಿ ಪೂರಾ ಹೋಗ್ತದೆ."

"ಶಿವಲಿಂಗಂ, ಇದು ಸರಾಸರಿ ಲೆಕ್ಕ. ಒಬ್ಬರಿಗೋಸ್ಕರ ಮಾಡೋದಲ್ಲ" ಎಂದು ಪ್ರೊಫೆಸರ್ ಕಾರಿನ ಕಡೆ ಓಡಿದ.

ಅಕ್ಕ ಮಗ್ಗದಲ್ಲೇ ಉಳಿದಳು. ನೇಕಾರರ ಕಿವಿ ಒಗ್ಗಿಕೊಳ್ಳುತ್ತದೆಂದು ಸಾಬೀತಾಗಿದೆಯಲ್ಲ, ಬೇಡಿಕೆಗೆ ಅರ್ಥವಿಲ್ಲ ಎಂದ ಮ್ಯಾನೇಜರ್. ಡಾಕ್ಟರೇಟು ಕೈಗೆ ಬಂದಾಗ ಜಯರಾಮನ್ ಕೊಯಮತ್ತೂರಿನಲ್ಲೇ ಊಟ ಹಾಕಿಸಿದ. ಅಕ್ಕನಿಗೆ ಆ ಸುದ್ದಿ ಹೇಳಬೇಕಾದವನು ನಾನಾದೆ. ಬೆನ್ನ ಹಿಂದೆ ನಿಂತು ಕೂಗಿದೆ, ತಿರುಗಲಿಲ್ಲ. ಪಕ್ಕಕ್ಕೆ ಹೋಗಿ ಕೂಗಿದೆ. ಕೊನೆಗೆ ಭುಜ ಹಿಡಿದು ತಿರುಗಿಸಿ, ತುಟಿ ಕಾಣುವಂತೆ ನಿಧಾನವಾಗಿ ಹೇಳಿದೆ, ನಿನ್ನ ತಮ್ಮ ಡಾಕ್ಟರ್ ಆದ, ಕಿವಿಯ ವಿಷಯದಲ್ಲಿ.

ಅವಳ ಮುಖ ಅರಳಿತು.

"ಕಿವಿ ಡಾಕ್ಟ್ರಾ? ಹಂಗಾದ್ರೆ ಅವ ಬಂದಾಗ ಈ ಕಿವಿಯ ಕೊಂಚ ತೋರಿಸ್ಬೇಕು."