ಏಳನೆಯ ಲೆಮ್ಮಾ

ತೊಂಬತ್ತರ ದಶಕದ ಕೊನೆಯಲ್ಲಿ ಚೆನ್ನೈನ ವಡಪಳನಿಯ ಒಂದು ಬಾಡಿಗೆ ಕೋಣೆಯಲ್ಲಿದ್ದುಕೊಂಡು ಪಿಎಚ್‌ಡಿ ಮಾಡುತ್ತಿದ್ದೆ. ಏಕಕಾಲಕ್ಕೆ ಹಲವು ಕೆಲಸ ನಡೆಸುವ ಎರಡು ಯಂತ್ರಗಳಿವೆ ಎನ್ನಿ. ಒಂದರ ಬಗ್ಗೆ 'ಮುಂದೆಂದಾದರೂ ಹೀಗಾಗುತ್ತದೆ', 'ಎಂದೆಂದಿಗೂ ಹಾಗಾಗದು' ಎಂದು ಹೇಳಬಹುದಾದ ಪ್ರತಿಯೊಂದು ಮಾತೂ ಇನ್ನೊಂದಕ್ಕೂ ನಿಜವಾದರೆ ಎರಡರ ನಡೆಯೂ ಒಂದೇ. ಇದನ್ನು ಸಾಧಿಸಿ ತೋರಿಸುವುದು ನನ್ನ ಕೆಲಸ. ದಿನಾ ಊಟ ಮಾಡುತ್ತಿದ್ದ ಹೋಟೆಲಿನ ಗಲ್ಲಾದಲ್ಲಿ ಕೂರುವ ಕುಂದಾಪುರದವರಿಗೆ ಒಮ್ಮೆ ಇದನ್ನು ವಿವರಿಸಿದ್ದುಂಟು.

"ಎರಡೂ ಒಂದೇ ಅಂತಾದ್ರೆ ಎರಡನೇದು ಎಂತಕ್ಕೆ ಮಾರಾಯ್ರೆ? ಪರ್ವಾಯಿಲ್ಲೆ, ಊಟ ಮಾಡಿ," ಎಂದರು. ಆ ವಾರ ನಾನು ಕನ್ನಡದಲ್ಲಿ ಆಡಿದ್ದು ಅಷ್ಟೇ ಮಾತು.

ನಾನು ಬರೆದದ್ದನ್ನು ಓದುವವರು ಇಡೀ ಚೆನ್ನೈಯಲ್ಲಿ ಒಬ್ಬರೇ, ನನ್ನ ಗೈಡ್. ಅಧ್ಯಾಯ ಕೊಟ್ಟರೆ ಒಂದೆರಡು ವಾರದಲ್ಲಿ, ಮೊದಲ ಪುಟದ ಮೇಲೆ ಪೆನ್ಸಿಲಿನಲ್ಲಿ 'ಓಕೆ' ಎಂದು ಬರೆದು ಹಿಂತಿರುಗಿಸುತ್ತಿದ್ದರು. ಮಾತು ಕಮ್ಮಿ. ಸುಳ್ಳೇಕೆ ಹೇಳಲಿ, ಒಬ್ಬರಾದರೂ ಓದುತ್ತಾರಲ್ಲ ಎಂಬ ಧೈರ್ಯದಲ್ಲೇ ನಾಲ್ಕು ವರ್ಷ ಆ ಕೋಣೆಯಲ್ಲಿ ಒಬ್ಬಂಟಿಯಾಗಿ ಕಳೆದೆ.

ಪ್ರಬಂಧ ಸಲ್ಲಿಸಬೇಕಿದ್ದ ತಿಂಗಳು, ಬಸ್ಸು ನುಂಗಂಬಾಕ್ಕಂ ದಾಟುತ್ತಿದ್ದಾಗ, ಏಳನೆಯ ಲೆಮ್ಮಾದ ಮೇಲೆ ಕಣ್ಣಾಡಿಸಿದೆ. ಲೆಮ್ಮಾ ಎಂದರೆ ಗಣಿತದಲ್ಲಿ ದೊಡ್ಡ ಪ್ರಮೇಯವೊಂದರ ಸಾಧನೆಗೆ ಹತ್ತುವ ಸಣ್ಣ ಮೆಟ್ಟಿಲು. ಯಂತ್ರ ಇಡಬಹುದಾದ ಪ್ರತಿ ಹೆಜ್ಜೆಗೂ ಒಂದು ವಾಕ್ಯ ಆರಿಸಿ, ಎಲ್ಲವನ್ನೂ 'ಮತ್ತು' ಹಾಕಿ ಪೋಣಿಸಿದ್ದೆ. ಹೆಜ್ಜೆಗಳಿಗೆ ಕೊನೆಯೇ ಇಲ್ಲದಿದ್ದರೆ? ವಾಕ್ಯ ಮುಗಿಯುವುದೇ ಇಲ್ಲ, ಮುಗಿಯದ್ದನ್ನು ವಾಕ್ಯ ಎನ್ನುವಂತಿಲ್ಲ. ಮುಂದಿನ ಮೂರು ಅಧ್ಯಾಯ ನಿಂತಿದ್ದದ್ದೇ ಆ ಮೆಟ್ಟಿಲ ಮೇಲೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು ಎಂದು ನನ್ನನ್ನೇ ಬೈದುಕೊಂಡೆ.

ಸುಮ್ಮನಿದ್ದುಬಿಡೋಣ ಎಂದೂ ಅನ್ನಿಸಿತು. ಆದರೆ ನನ್ನನ್ನು ಓದುವ ಒಬ್ಬರೇ ಒಬ್ಬರಿಗೆ ಮೋಸ ಮಾಡಲು ಮನಸ್ಸು ಬರಲಿಲ್ಲ. ಮರುದಿನ ಬೆಳಿಗ್ಗೆ ಅವರ ಮೇಜಿನ ಮೇಲೆ ಆ ಪುಟ ಇಟ್ಟು ತಪ್ಪೊಪ್ಪಿಕೊಂಡೆ.

ಅವರು ಬೈಯಲಿಲ್ಲ. ಪುಟವನ್ನು ಕನ್ನಡಕದ ಹತ್ತಿರ ಹಿಡಿದು, ಬೆರಳಿಟ್ಟು ಸಾಲು ಸಾಲಾಗಿ ಓದಿದರು. "ಹೆಜ್ಜೆಗಳಿಗೆ ಒಂದು ಮಿತಿ ಇದೆ ಅಂತ ಮೊದಲೇ ಹೇಳಿಬಿಡು. ಒಂದು ಸಾಲು ಸಾಕು, ಎಲ್ಲಾ ನಿಲ್ಲತ್ತೆ," ಎಂದು ಇಂಗ್ಲಿಷಿನಲ್ಲಿ ಹೇಳಿದರು. ನನಗೆ ಹೋದ ಜೀವ ಬಂದಂತಾಯಿತು. ಪುಟ ತಿರುಗಿಸುತ್ತಾ ಅವರೇ ಮತ್ತೆ ಕೇಳಿದರು, "ಚೆನ್ನಾಗಿದೆಯಲ್ಲ ಈ ಲೆಮ್ಮಾ. ಯಾವಾಗ ಸೇರಿಸಿದೆ?"

ಆ ಅಧ್ಯಾಯ ಅವರ ಕೈಸೇರಿ, 'ಓಕೆ' ಹೊತ್ತು ಹಿಂತಿರುಗಿ ಎರಡು ವರ್ಷವಾಗಿತ್ತು.

"ಮೊನ್ನೆ, ಸರ್," ಎಂದೆ.