ಥಾಯ್ ಹೋಟೆಲಿನಲ್ಲಿ ಏಕಾದಶಿ

ಕಳೆದ ಶುಕ್ರವಾರ ಮಧ್ಯಾಹ್ನ, ಇಲ್ಲಿ ಗಲ್ಫಿನಲ್ಲಿ, ಅಲ್ ಖುವೈರ್‌ನ ನಮ್ಮ ಮನೆಯ ಹಿಂದಿನ ರಸ್ತೆಯಲ್ಲಿ ಇಬ್ಬರು ಏಣಿ ಹತ್ತಿ ಬೋರ್ಡು ಇಳಿಸುತ್ತಿದ್ದರು. ಥಾಯ್ ಹೋಟೆಲಿನ ಬೋರ್ಡು.

ನಾವು ಇಲ್ಲಿಗೆ ಬಂದ ಮೇಲೆ ಆ ಅಂಗಡಿಯಿಂದ ಇಳಿದ ನಾಲ್ಕನೆಯ ಬೋರ್ಡು ಇದು. ಮೊದಲು ಚೈನೀಸ್ ಇತ್ತು. ಆಮೇಲೆ ಫಿಲಿಪಿನೋ. ನಡುವೆ ಸ್ವಲ್ಪ ಕಾಲ ಕೊರಿಯನ್ (ಹಗಲೂ ರಾತ್ರಿ ಕೊರಿಯನ್ ಸೀರಿಯಲ್ ನೋಡುವ ನಮ್ಮ ಮಗಳ ಹರಕೆಯ ಫಲ ಇರಬೇಕು). ಪ್ರತಿಯೊಂದಕ್ಕೂ ಹೊಸ ಕುರ್ಚಿ, ಹೊಸ ಲೈಟು, ಓಪನಿಂಗ್ ಆಫರ್. ಆಮೇಲೆ ಗಾಜಿಗೆ ಪೇಪರ್.

"ಇನ್ನು ಎಂತ ಬರ್ತದೋ ಇಲ್ಲಿ?" ಅಂದರು ಸ್ಟೀರಿಂಗ್ ಹಿಡಿದಿದ್ದ ನಮ್ಮ ಯಜಮಾನರು.

ಹೋಟೆಲು ಮುಚ್ಚಿದಾಗ ನಾವೆಲ್ಲ ಕೇಳುವುದು ಇದನ್ನೇ ಅಲ್ಲವೇ? ಇದ್ದವರು ಎಲ್ಲಿಗೆ ಹೋದರು ಅಂತ ಕೇಳಿದ್ದುಂಟೇ? ನಾನೂ ಕೇಳಿದವಳಲ್ಲ. ಈ ಸಲ ಮಾತ್ರ ಕೇಳದೆ ಇರಲಾಗಲಿಲ್ಲ. ಆ ಬೋರ್ಡು ಇಳಿಯುವುದರಲ್ಲಿ ನನ್ನ ಕೈಯೂ ಇತ್ತು.

ಹೇಳುತ್ತೇನೆ ಕೇಳಿ.

ಹೋಟೆಲು ನಡೆಸುತ್ತಿದ್ದವಳು ಅರುಣಿ. ಥಾಯ್ಲೆಂಡಿನವಳು. ಹೆಸರು ನಮ್ಮದೇ ಅಂತ ಖುಷಿಪಟ್ಟೆವು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಅಡುಗೆಯನ್ನೂ ನಮ್ಮದೇ ಮಾಡಿಬಿಟ್ಟೆವು.

ಶುರುವಿನಲ್ಲಿ ಆಕೆಯ ಮೆನು ಒಂದೇ ಹಾಳೆ. ಅವಳ ಊರಿನ ಹತ್ತು ಅಡುಗೆ. ಥಾಯ್ ಹುಡುಗಿಯರು ಡ್ಯೂಟಿ ಮುಗಿಸಿ ಬಂದು ಗಲಗಲ ಮಾತಾಡುತ್ತಾ ಉಣ್ಣುತ್ತಿದ್ದರು. ಆಮೇಲೆ ನಾವು ಬಂದೆವು. ಯಾವಾಗ? ಶನಿವಾರ!

ನಾವು ಉಡುಪಿ ಕಡೆಯವರು, ಮೀನಿಲ್ಲದೆ ಊಟ ಇಳಿಯದವರು. ಆದರೆ ಶನಿವಾರ ಮುಟ್ಟುವುದಿಲ್ಲ. ಮನೆಯಲ್ಲಿ ಮೀನಿಲ್ಲದ ದಿನ ಅಡುಗೆ ಮಾಡಲು ನನಗೆ ಮನಸ್ಸೂ ಇಲ್ಲ. ಹಾಗಾಗಿ ಹೊರಗಿನ ಊಟ ಯಾವಾಗಲೂ ಶನಿವಾರವೇ. ಪಪ್ಪಾಯಿ ಕಾಯಿಯ ಕೋಸಂಬರಿ ಮುಂದಿಟ್ಟರೆ "ಇದ್ರಲ್ಲಿ ಮೀನುಂಟಾ?" ಅಂತ ವಿಚಾರಣೆ. ಎಲ್ಲದರಲ್ಲೂ ಮೀನಿನ ಸಾಸ್ ಇತ್ತು.

ಅರುಣಿ ನಮಗಾಗಿ ಬೇರೆ ಬಾಣಲೆ ಇಟ್ಟಳು. ಯಾವ ದಿನ ತಿನ್ನುವುದಿಲ್ಲ ಅಂತ ಕೇಳಿದಳು. ನಾನು ಊರಿಂದ ತಂದ ಕನ್ನಡ ಕ್ಯಾಲೆಂಡರನ್ನೇ ಅವಳ ಅಡುಗೆಮನೆಯ ಬಾಗಿಲಿಗೆ ತೂಗುಹಾಕಿ ಕೆಂಪು ಪೆನ್ನಿನಿಂದ ಸುತ್ತು ಹಾಕಿಕೊಟ್ಟೆ. ಶನಿವಾರ, ಸೋಮವಾರ, ಸಂಕ್ರಮಣ. ಹುಮ್ಮಸ್ಸಿನಲ್ಲಿ ಏಕಾದಶಿಗೂ ಒಂದೊಂದು ಸುತ್ತು. (ನಮ್ಮ ಮನೆಯಲ್ಲಿ ಏಕಾದಶಿ ಯಾರೂ ಮಾಡುವುದಿಲ್ಲ. ಶೋಕಿ, ಅಷ್ಟೆ.) ಮರುವರ್ಷ ಹೊಸ ಕ್ಯಾಲೆಂಡರ್, ಮತ್ತೆ ಸುತ್ತು.

ಅಲ್ಲಿಗೂ ನಿಲ್ಲಲಿಲ್ಲ. ನಮ್ಮ ಲೇಡೀಸ್ ಗ್ಯಾಂಗ್ ಹೋಯಿತು. ಒಬ್ಬರಿಗೆ ಬೆಳ್ಳುಳ್ಳಿ ಬೇಡ, ಒಬ್ಬರಿಗೆ ಸಿಹಿ ಬೇಡ, ಇನ್ನೊಬ್ಬರಿಗೆ "ಆ ಹುಲ್ಲಿನ ವಾಸನೆ" ಬೇಡ. ಊರಲ್ಲಿ ಅದೇ ಲೆಮನ್ ಗ್ರಾಸಿನ, ಅಂದರೆ ಮಜ್ಜಿಗೆ ಹುಲ್ಲಿನ ಕಷಾಯ ಕುಡಿಯುವವರು ಸ್ವಾಮಿ ನಾವು! ಕೊನೆಗೆ ನಾನೇ ಸೆರಗು ಸಿಕ್ಕಿಸಿಕೊಂಡು ಒಳಗೆ ಹೋಗಿ ಗೋಬಿ ಮಂಚೂರಿ ಹೇಳಿಕೊಟ್ಟೆ. ಅರುಣಿ ಬರೆದುಕೊಂಡಳು.

ಊಟ ತನ್ನಿಚ್ಛೆ ಅಂತ ಗಾದೆಯೇ ಇದೆ. ಅಡುಗೆ ಯಾರ ಇಚ್ಛೆ ಅಂತ ಅದು ಹೇಳುವುದಿಲ್ಲ.

ಮೆನು ನಾಲ್ಕು ಹಾಳೆಯಾಯಿತು. ಪನೀರ್ ಬಂತು. ಥಾಯ್ ಹುಡುಗಿಯರು ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಅವರಿಗೆ ಬೇಕಾದದ್ದು ಅಲ್ಲಿ ಉಳಿದಿರಲಿಲ್ಲ. ಆಮೇಲೊಂದು ದಿನ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಶನಿವಾರ ಎಲ್ಲಿಗೆ ಅಂತ ಕೇಳಿದಾಗ ಒಬ್ಬ ಮಹಾತಾಯಿ ಬರೆದಳು: "ಗೋಬಿ ಮಂಚೂರಿ ತಿನ್ಲಿಕ್ಕೆ ಥಾಯ್ ಹೋಟೆಲು ಯಾಕೆ? ಹಮ್ರಿಯಾದ ನಮ್ಮವರ ಹೋಟೆಲಿಗೇ ಹೋಗುವ." ಎಲ್ಲರೂ ಹೆಬ್ಬೆರಳು ಎತ್ತಿದರು. ಆ ಮಹಾತಾಯಿ ನಾನೇ.

ಹೋದ ತಿಂಗಳು ಅರುಣಿಯ ಫೋನ್ ಬಂತು. "ಮೇಡಂ, ಸ್ಯಾಟರ್ಡೇ ನೋಬಡಿ ಕಮ್. ಕ್ಯಾಲೆಂಡರ್ ರಾಂಗ್?"

ಎಲ್ಲರೂ ರಜೆಗೆ ಊರಿಗೆ ಹೋಗಿದ್ದಾರೆ ಅಂದೆ. ಹಸಿ ಸುಳ್ಳು. ಅವಳು ಶನಿವಾರ ಶನಿವಾರ ಹೂಕೋಸು ತಂದಿಟ್ಟು ಬಾಗಿಲು ನೋಡುತ್ತಿದ್ದಳು.

"ಐದು ನಿಮಿಷ" ಅಂತ ಈ ಶುಕ್ರವಾರ ಯಜಮಾನರನ್ನು ಕಾರಿನಲ್ಲೇ ಕೂರಿಸಿ, ಬೋರ್ಡು ಇಳಿಸುತ್ತಿದ್ದವರನ್ನು ದಾಟಿ ಒಳಗೆ ಹೋದೆ. ಕುರ್ಚಿಗಳು ಒಂದರ ಮೇಲೊಂದು. ಒಂದು ಒಲೆ ಮಾತ್ರ ಉಳಿದಿತ್ತು. ಲೈಸೆನ್ಸ್ ಇದ್ದದ್ದು ಕಫೀಲ್, ಅಂದರೆ ಅವಳ ವೀಸಾ ಕೊಡಿಸಿದ ಇಲ್ಲಿನ ಸ್ಪಾನ್ಸರ್ ಹೆಸರಿನಲ್ಲಿ. ಅವರು ಎಷ್ಟು ದಿನ ತಾನೇ ನಷ್ಟ ತಡೆದಾರು? ಖಲಾಸ್ ಅಂದಿದ್ದರು. ಹೋಟೆಲಿನ ಜೊತೆಗೇ ಅರುಣಿಯ ವೀಸಾ ಕೂಡ ಹೋಯಿತು. ಇನ್ನೊಂದು ವರ್ಷ ನಡೆದಿದ್ದರೆ ಊರಲ್ಲಿರುವ ಮಗಳ ನರ್ಸಿಂಗ್ ಮುಗಿಯುತ್ತಿತ್ತಂತೆ.

"ಈಗ ಮಗಳು?" ಅಂತ ಕೇಳಿದೆ.

"ಸ್ಟಾಪ್, ಮೇಡಂ" ಅಂದಳು. ಅಳಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಏನು ಮಾಡಬೇಕು ತಿಳಿಯದೆ ನಾಚಿಕೆಗೆಟ್ಟು ಕೇಳಿದೆ, "ಅರುಣಿ, ನಿನ್ನ ಆ ಪಪ್ಪಾಯಿ ಮಾಡಿಕೊಡ್ತೀಯಾ? ಮೀನಿನ ಸಾಸ್ ಹಾಕಿಯೇ ಕೊಡು. ಇವತ್ತು ಶುಕ್ರವಾರ, ನಾನು ತಿನ್ನುತ್ತೇನೆ" ಅಂತ ನನ್ನ ಇಂಗ್ಲಿಷಿನಲ್ಲಿ.

ಅವಳ ಮುಖ ಒಂದು ಕ್ಷಣ ಅರಳಿತು. ಮರುಕ್ಷಣ ಬಾಗಿಲಿನ ಕಡೆ ತಿರುಗಿದಳು. ಕ್ಯಾಲೆಂಡರ್ ಇನ್ನೂ ತೂಗುತ್ತಿತ್ತು. ಬೆರಳಿಟ್ಟು ಹುಡುಕಿದಳು. ಶುಕ್ರವಾರಕ್ಕೂ ಕೆಂಪು ಸುತ್ತು.

"ನೋ ಮೇಡಂ. ಟುಡೇ ಎಕಾದಸಿ."

ನನ್ನ ಶೋಕಿಯ ಸುತ್ತು. ಎರಡು ವರ್ಷ ಅವಳು ಜೋಪಾನ ಮಾಡಿದ್ದನ್ನು ಸುಳ್ಳು ಅಂತ ಹೇಗೆ ಹೇಳಲಿ? ಫ್ರಿಜ್‌ನಲ್ಲಿದ್ದ ಕೊನೆಯ ಹೂಕೋಸನ್ನು ಅವಳು ತೆಗೆದು, ನಮಗಾಗಿ ಇಟ್ಟಿದ್ದ ಅದೇ ಬಾಣಲೆಯಲ್ಲಿ ಹುರಿದು, ಒಂದು ತಟ್ಟೆ ಗೋಬಿ ಮಂಚೂರಿ ಮಾಡಿಕೊಟ್ಟಳು. ನಿಂತುಕೊಂಡೇ ಅಷ್ಟನ್ನೂ ತಿಂದೆ.

ಕಾರಿಗೆ ಬಂದೆ. ಎಂತ ತಿಂದದ್ದು ಅಂತ ಯಜಮಾನರು ಕೇಳಿದರು. ಹೇಳಿದೆ.

"ಮಂಚೂರಿಯಾ? ಅದಕ್ಕೆ ಹಮ್ರಿಯಾಕ್ಕೆ ಹೋಗ್ಬಹುದಿತ್ತಲ್ಲ ಮಾರಾಯ್ತಿ?"